ಎಂಟು ಪುಟದೊಳಗೆ ಒಬ್ಬ ಗಟ್ಟಿಗಿತ್ತಿ

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನಾವು ಹನ್ನೊಂದು ಮಂದಿ ಹೆಂಗಸರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಒಂದು ಸಣ್ಣಕತೆ ಓದುತ್ತೇವೆ. ಮುಂದಿನ ಕೆಲವು ತಿಂಗಳು ಗಟ್ಟಿ ಹೆಂಗಸರ ಕತೆಗಳನ್ನೇ ಓದಬೇಕು ಅಂತ ಆಸೆ. ಸಾಮಾಜಿಕ ಕತೆ ಮಾತ್ರ ಸಾಲದು. ಪತ್ತೇದಾರಿ, ದೆವ್ವದ ಕತೆ, ವೈಜ್ಞಾನಿಕ ಕತೆ ಎಲ್ಲವೂ ಬೇಕು. ಹುಡುಕಿದರೆ ಸಿಗುವುದೆಲ್ಲ ಅಳುವ, ಸಾಯುವ ಹೆಂಗಸರೇ. ಇನ್ನೊಂದು ಪ್ರಶ್ನೆ ನನ್ನದೇ. ನಾನೊಂದು ಕತೆ ಬರೆದಿದ್ದೇನೆ. ನಾಯಕಿ ಪೊಲೀಸ್ ಇನ್‌ಸ್ಪೆಕ್ಟರ್, ಕರಾಟೆ ಕಲಿತವಳು, ಯಾರಿಗೂ ಹೆದರುವುದಿಲ್ಲ. ಗೆಳತಿಯರು ಓದಿ "ಇವಳು ಪೋಸ್ಟರ್ ಥರ ಇದ್ದಾಳೆ" ಅಂದರು. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಎರಡು ಪ್ರಶ್ನೆಗೂ ಒಂದೇ ಬೇರು ಇದೆ. ಅದನ್ನು ಹೇಳುವ ಮೊದಲು ಗಾಂಧಿ ಬಜಾರಿನ ಒಂದು ಸಂಜೆ ಹೇಳಿಬಿಡುತ್ತೇನೆ.

ಹಬ್ಬದ ಹಿಂದಿನ ದಿನ. ನಾನು ಯಾವಾಗಲೂ ಹೂ ತಗೊಳ್ಳುವ ಅಮ್ಮನ ಮುಂದೆ ನಿಂತಿದ್ದೆ. ಒಬ್ಬ ಗಿರಾಕಿ ಸ್ಕೂಟರ್ ತಂದು ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ, ಇಳಿಯಲೂ ಇಲ್ಲ. "ಮೊಳ ಎಷ್ಟು?" ಅಂದ. ಅಮ್ಮ ಹೇಳಿದರು. "ಜಾಸ್ತಿ ಆಯ್ತು, ನೋಡ್ಕೊಂಡು ಹೇಳು" ಅಂದ. ಅಮ್ಮ ಮಾತಾಡಲಿಲ್ಲ. ನನ್ನ ಮಲ್ಲಿಗೆಯನ್ನು ಮೊಣಕೈಯಿಂದ ಬೆರಳ ತುದಿಗೆ ಎಳೆದು ಒಂದು ಮೊಳ ಅಳೆದರು. ಎರಡನೆಯ ಮೊಳ ಅಳೆದರು. ಆತ ಇನ್ನೊಮ್ಮೆ ಕೇಳಿದ. ಅಮ್ಮ ದಾರ ಕಡಿದು, ಹೂವನ್ನು ಬಾಳೆ ಎಲೆಯಲ್ಲಿ ಸುತ್ತಿ, ಗಂಟು ಹಾಕಿದರು. ಆತ ಸ್ಕೂಟರ್ ಆಫ್ ಮಾಡಿದ. ಕೆಳಗಿಳಿದ. "ಸರಿ, ನಾಲ್ಕು ಮೊಳ ಕೊಡಮ್ಮ" ಅಂದ. ಆಗ ಅಮ್ಮ ತಲೆ ಎತ್ತಿ, ಎಷ್ಟು ಮೆತ್ತಗೆ ಅಂತೀರಿ, "ಮಲ್ಲಿಗೆನಾ, ಕಾಕಡನಾ ಸ್ವಾಮಿ?" ಅಂತ ಕೇಳಿದರು.

ಆ ಹೆಂಗಸಿನ ಗಟ್ಟಿತನ ಇರುವುದು ಸ್ಕೂಟರಿನ ಕೀಲಿಯಲ್ಲಿ. ಕೀಲಿ ತಿರುಗಿದ್ದು ಆತನ ಕೈಯಿಂದ, ತಿರುಗಿಸಿದ್ದು ಆಕೆ. ಸಣ್ಣಕತೆಯಲ್ಲಿ ನಾನು ಹುಡುಕುವುದೂ ಇದನ್ನೇ. ಇವಳಿದ್ದಾಳೆ ಅಂತ ಕತೆಯೊಳಗಿನ ಬೇರೆಯವರು ತಮ್ಮ ಲೆಕ್ಕ ಬದಲಿಸಿದರಾ? ಬದಲಿಸಿದ್ದರೆ ಅವಳು ಗಟ್ಟಿಗಿತ್ತಿ. ಅವಳು ಕೂಗಿದಳೋ ಪಿಸುಗುಟ್ಟಿದಳೋ, ಗೆದ್ದಳೋ ಸೋತಳೋ, ಅದು ಆಮೇಲಿನ ಮಾತು. ಕಾದಂಬರಿಗಾದರೆ ಮುನ್ನೂರು ಪುಟ ಇರುತ್ತದೆ. ಅವಳ ಬಾಲ್ಯ, ಮದುವೆ, ಕಷ್ಟ ಎಲ್ಲ ಹೇಳಿ ನಮ್ಮನ್ನು ನಂಬಿಸಬಹುದು. ಎಂಟು ಪುಟದ ಕತೆಗೆ ಆ ಪುರುಸೊತ್ತು ಇಲ್ಲ. ಅದಕ್ಕೇ ಸಣ್ಣಕತೆ ಅವಳನ್ನು ಎದುರಿನವರ ಮುಖದಲ್ಲಿ ತೋರಿಸಬೇಕಾಗುತ್ತದೆ.

ಇನ್ನೊಂದು ತೊಡಕು ನಮ್ಮ ಮಾತಿನಲ್ಲೇ ಇದೆ. ಜೋರಾದ ಹೆಂಗಸಿಗೆ ಕನ್ನಡದಲ್ಲಿ ಎಷ್ಟು ಹೆಸರು ನೋಡಿ. ಗಯ್ಯಾಳಿ, ಬಜಾರಿ, ಗಂಡುಬೀರಿ. ಎಲ್ಲ ಬೈಗುಳವೇ. ಬಜಾರಿಗೆ ಹೋಗಿ ನಾಲ್ಕು ಜನರ ಎದುರು ಮಾತಾಡುವವಳು ಬಜಾರಿ! ಗಟ್ಟಿಗಿತ್ತಿ, ದಿಟ್ಟೆ ಅನ್ನುವ ಒಳ್ಳೆಯ ಮಾತುಗಳೂ ಇವೆ. ಮನೆಮಾತಿನಲ್ಲಿ ಮೊದಲು ಬಾಯಿಗೆ ಬರುವುದು ಮಾತ್ರ ಬೈಗುಳವೇ, ಅಲ್ವಾ? ಹಾಗಾಗಿ ಕತೆ ಹುಡುಕುವಾಗ ಮೆಚ್ಚುಗೆಗೆ ಬಂದ ನಾಯಕಿಯರನ್ನಷ್ಟೇ ನೋಡಬೇಡಿ. ಊರವರು ಬೈದ ಹೆಂಗಸರನ್ನು ನೋಡಿ. ಅರ್ಧ ಪಟ್ಟಿ ಅಲ್ಲೇ ಸಿಗುತ್ತದೆ.

ಮೊದಲ ತಿಂಗಳಿಗೆ ಮಾಸ್ತಿಯವರ 'ಮೊಸರಿನ ಮಂಗಮ್ಮ' ಓದಿ. ನಮ್ಮ ಬೆಂಗಳೂರಿನ ಮನೆಬಾಗಿಲಲ್ಲೇ ನಡೆಯುವ ಕತೆ. ಪಕ್ಕದ ಹಳ್ಳಿಯಿಂದ ಮೊಸರು ಹೊತ್ತು ತಂದು ಮಾರುವ ಮಂಗಮ್ಮ, ಮನೆಯ ಗೃಹಿಣಿಯ ಹತ್ತಿರ ಕೂತು ತನ್ನ ಸುಖದುಃಖ ಹೇಳುತ್ತಾಳೆ. ಸೊಸೆ ನಂಜಮ್ಮ ಮೊಮ್ಮಗನನ್ನು ಹೊಡೆದಳು, ಅತ್ತೆ ಕೇಳಿದಳು, ಮಗ ಹೆಂಡತಿಯ ಕಡೆ ನಿಂತ. ಮಂಗಮ್ಮ ಬೇರೆ ಒಲೆ ಹೂಡಿದಳು. ಆಮೇಲೆ ಅವಳು ಮಾಡುವ ಒಂದು ಕೆಲಸವನ್ನು ನಿಧಾನವಾಗಿ ಓದಿ. ಇಷ್ಟು ದಿನ ಯಾರಿಗೋ ಅಂತ ಕೂಡಿಟ್ಟ ದುಡ್ಡಿನಲ್ಲಿ ತನಗೆ ಅಂತ ಒಂದು ಮಖಮಲ್ಲಿನ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ಊರು ಆಡಿಕೊಳ್ಳುತ್ತದೆ. ಅವಳು ತೊಟ್ಟುಕೊಳ್ಳುತ್ತಾಳೆ. ಆ ವಯಸ್ಸಿನ ಒಂಟಿ ಹೆಂಗಸು ತನ್ನ ದುಡ್ಡು ತನ್ನ ಮೈಮೇಲೆ ಹಾಕಿಕೊಂಡಳು ಅನ್ನುವುದು ಎಷ್ಟು ದೊಡ್ಡ ಮಾತು ಅಂತ ನಿಮ್ಮ ಗುಂಪಿನ ಹಿರಿಯರನ್ನು ಕೇಳಿ. ಅವರು ತಮ್ಮದೇ ಕತೆ ಶುರು ಮಾಡುತ್ತಾರೆ.

ನಾನು ಈ ಕತೆಯನ್ನು ಪಾಠ ಮಾಡುವಾಗ ಮಕ್ಕಳು ಮಂಗಮ್ಮನ ಕಡೆಗೇ ವಾಲುತ್ತಿದ್ದರು. ನಾನೂ ಅಷ್ಟೇ. ಹತ್ತು ವರ್ಷ ಓದಿದ ಮೇಲೆ ನನಗೆ ನಂಜಮ್ಮ ಕಂಡಳು. ರಂಗಪ್ಪ ಅನ್ನುವವನು ಸಾಲ ಕೇಳುವ ನೆಪದಲ್ಲಿ ಅತ್ತೆಯ ಹತ್ತಿರ ಸುಳಿಯುತ್ತಿದ್ದಾನೆ, ದುಡ್ಡು ಕೈಬಿಟ್ಟು ಹೋಗುತ್ತದೆ ಅಂತ ಗೊತ್ತಾದಾಗ ಅವಳು ಜಗಳಕ್ಕೆ ಬರುವುದಿಲ್ಲ. ಮಗುವನ್ನು ಅಜ್ಜಿಯ ಕಡೆಗೆ ಹೋಗಲು ಬಿಡುತ್ತಾಳೆ. ಅಷ್ಟೇ. ಮುರಿದ ಮನೆ ಕೂಡಿಕೊಳ್ಳುತ್ತದೆ. ಸ್ವಲ್ಪ ದಿನಕ್ಕೆ ಮೊಸರಿನ ಗಡಿಗೆ ನಂಜಮ್ಮನ ತಲೆಯ ಮೇಲೇ ಬೆಂಗಳೂರಿಗೆ ಬರುತ್ತದೆ. ಒಂದು ಸಣ್ಣಕತೆಯಲ್ಲಿ ಇಬ್ಬರು ಗಟ್ಟಿಗಿತ್ತಿಯರು, ಅದೂ ಎದುರುಬದುರು. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಮಾಸ್ತಿಯವರ ದೊಡ್ಡತನಕ್ಕೆ ನನಗೆ ಇಷ್ಟೇ ಸಾಕು.

ಇದರ ಪಕ್ಕದಲ್ಲಿ ಬಾನು ಮುಷ್ತಾಕರ 'ಕರಿ ನಾಗರಗಳು' ಇಟ್ಟು ಓದಿ. 2025ರಲ್ಲಿ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಅನುವಾದಿಸಿದವರು ದೀಪಾ ಭಾಸ್ತಿ. ಸುದ್ದಿ ಎಲ್ಲರಿಗೂ ಗೊತ್ತು, ಆದರೆ ಕನ್ನಡದಲ್ಲೇ ಓದಿದವರು ಎಷ್ಟು ಜನ? 'ಕರಿ ನಾಗರಗಳು' ಕತೆಯಲ್ಲಿ ಗಂಡ ಬಿಟ್ಟ ಅಶ್ರಫ್ ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಯ ಅಂಗಳಕ್ಕೆ ಹೋಗಿ ಕೂರುತ್ತಾಳೆ. ಕೂರುವುದೇ ಅವಳ ಹೋರಾಟ. ನ್ಯಾಯ ಸಿಗುವುದಿಲ್ಲ, ಒಂದು ಮಗುವೂ ಹೋಗುತ್ತದೆ. ಸೋತಳು ಅಂತ ಪುಸ್ತಕ ಮುಚ್ಚಬೇಡಿ. ಆಮೇಲೆ ಮಸೀದಿಯ ಆಡಳಿತ ನೋಡುವ ಮುತವಲ್ಲಿ ಬೀದಿಯಲ್ಲಿ ನಡೆದು ಬರುವಾಗ ಬಾಗಿಲು ಬಾಗಿಲಲ್ಲೂ ಹೆಂಗಸರು ಶಾಪ ಹಾಕುತ್ತಾರೆ. ಅವನದೇ ಹೆಂಡತಿ ಅಮೀನಾ, ಹೆತ್ತೂ ಹೆತ್ತೂ ಸಾಕಾದವಳು, ಗಂಡನನ್ನು ಕೇಳದೆ ಆಪರೇಷನ್ ಮಾಡಿಸಿಕೊಳ್ಳಲು ಹೊರಟುಬಿಡುತ್ತಾಳೆ. ಅಶ್ರಫ್ ಕೂತಿದ್ದಕ್ಕೆ ಅಮೀನಾ ಎದ್ದಳು. ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಸಿನಿಮಾ ಇದೇ ಕತೆಯಿಂದ ಬಂದದ್ದು.

ವೈದೇಹಿಯವರ 'ಅಕ್ಕು' ಬೇರೆ ರೀತಿ. ಗಂಡ ಬಿಟ್ಟು ಹೋದ ಅಕ್ಕು ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ಬಸುರಿ ಅಂತ ಓಡಾಡುತ್ತಾಳೆ. ಮನೆತುಂಬ ಜನ ಅವಳನ್ನು ಹುಚ್ಚಿ ಅನ್ನುತ್ತಾರೆ. ಆದರೆ ಅವಳು ಬಾಯಿ ತೆರೆದರೆ ಮರ್ಯಾದಸ್ಥರು ಗಾಬರಿಯಾಗುತ್ತಾರೆ, ಯಾಕೆಂದರೆ ಆ ಮನೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವ ಬಾಯಿ ಅದೊಂದೇ. ಯಾರು ಯಾವಾಗ ಗಾಬರಿಯಾದರು ಅಂತ ಗುರುತು ಹಾಕಿಕೊಂಡು ಓದಿ. ದೇವನೂರ ಮಹಾದೇವರ 'ಒಡಲಾಳ' ಸ್ವಲ್ಪ ಉದ್ದ, ಒಂದೇ ಸಲಕ್ಕೆ ಮುಗಿಯುವುದಿಲ್ಲ. ಆದರೂ ಕಳೆದುಹೋದ ಒಂದು ಹುಂಜಕ್ಕಾಗಿ ಊರೆಲ್ಲ ಕೇರಿಯೆಲ್ಲ ಹುಡುಕುವ ಸಾಕವ್ವನನ್ನು ಬಿಟ್ಟು ಈ ಮಾತು ಮುಗಿಸಲು ನನ್ನಿಂದ ಆಗುವುದಿಲ್ಲ. ಆ ಮನೆಯವರು ರಾತ್ರೋರಾತ್ರಿ ಕೂತು ಕಡಲೆಕಾಯಿ ತಿಂದು ಮುಗಿಸುವ ಭಾಗವನ್ನಾದರೂ ಜೋರಾಗಿ ಓದಿ. ಅದು ಕಿವಿಗೆ ಬೀಳಬೇಕಾದ ಕನ್ನಡ.

ಪತ್ರದ ರೂಪದ ಒಂದು ಕತೆ ಸೇರಿಸಿ. ರವೀಂದ್ರನಾಥ ಠಾಕೂರರ 'ಸ್ತ್ರೀರ್ ಪತ್ರ', ಅಂದರೆ ಹೆಂಡತಿಯ ಪತ್ರ, 1914ರದ್ದು. ಮದುವೆಯಾಗಿ 15 ವರ್ಷವಾದ ಮೃಣಾಲ್ ಪುರಿಗೆ ಹೋದವಳು ಅಲ್ಲಿಂದ ಗಂಡನಿಗೆ ಮೊದಲ ಸಲ ಕಾಗದ ಬರೆಯುತ್ತಾಳೆ. ಕಾಗದ ಶುರುವಾಗುವುದು 'ಶ್ರೀಚರಣಕಮಲೇಷು' ಅಂತ, ಆ ಕಾಲದ ಹೆಂಡತಿಯರೆಲ್ಲ ಬರೆಯುತ್ತಿದ್ದ ಹಾಗೆ. ಮುಗಿಯುವಾಗ ಅವಳು ಸಹಿ ಹಾಕುವುದು, ನಿಮ್ಮ ಪಾದದ ಆಸರೆಯಿಂದ ಕಡಿದುಕೊಂಡು ಬಂದ ಮೃಣಾಲ್ ಅಂತ. ಪಾದದಿಂದ ಪಾದಕ್ಕೆ ಅವಳು ಎಷ್ಟು ದೂರ ನಡೆದಳು ನೋಡಿ. ಮಧ್ಯದಲ್ಲಿ ಎಲ್ಲೂ ಕಿರುಚಾಟ ಇಲ್ಲ. ನಾನು ಆ ಮನೆಗೆ ಮತ್ತೆ ಬರುವುದಿಲ್ಲ ಅನ್ನುವುದನ್ನು ಮನೆಯ ನಂಬರು, ಗಲ್ಲಿಯ ಹೆಸರು ಸಮೇತ ಹೇಳುತ್ತಾಳೆ. ಸಿಟ್ಟಿಗಿಂತ ವಿಳಾಸ ಜಾಸ್ತಿ ಗಟ್ಟಿ ಅಂತ ನನಗೆ ಗೊತ್ತಾದದ್ದು ಇಲ್ಲಿ.

ಪತ್ತೇದಾರಿಗೆ ಬರೋಣ. ನಮ್ಮ ಹಳೆಯ ಪತ್ತೇದಾರಿ ಪುಸ್ತಕಗಳಲ್ಲಿ ಪತ್ತೇದಾರ ಹೆಚ್ಚಾಗಿ ಗಂಡಸು. ಹಾಗಾಗಿ ಹೊರಗಿನದನ್ನು ತರುವುದರಲ್ಲಿ ತಪ್ಪಿಲ್ಲ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಮೊದಲು ಬಂದದ್ದು ಕಾದಂಬರಿಯಲ್ಲಿ ಅಲ್ಲ, ಸಣ್ಣಕತೆಯಲ್ಲಿ, 1927ರಲ್ಲಿ. ಅದು ಮಂಗಳವಾರ ರಾತ್ರಿಯ ಕೂಟದ ಕತೆ. ಒಂದು ಕೋಣೆಯಲ್ಲಿ ವಕೀಲ, ಪಾದ್ರಿ, ಲೇಖಕ, ಚಿತ್ರಗಾರ್ತಿ, ಸ್ಕಾಟ್ಲೆಂಡ್ ಯಾರ್ಡಿನ ಮಾಜಿ ಕಮಿಷನರು ಕೂತಿದ್ದಾರೆ. ವಾರಕ್ಕೊಬ್ಬರು ಒಂದು ಬಿಡಿಸದ ಕೇಸು ಹೇಳಬೇಕು, ಉಳಿದವರು ಬಿಡಿಸಬೇಕು ಅಂತ ಮಾತಾಗುತ್ತದೆ. ಎಷ್ಟು ಜನ ಇದ್ದೇವೆ ಅಂತ ಎಣಿಸುತ್ತಾರೆ. ಐದು. ಮೂಲೆಯಲ್ಲಿ ಹೆಣಿಗೆ ಹಾಕುತ್ತಿದ್ದ ಮುದುಕಿ, ನನ್ನನ್ನು ಬಿಟ್ಟುಬಿಟ್ಟಿರಲ್ಲ ಅನ್ನುತ್ತಾಳೆ. ಕೊನೆಗೆ ಕೇಸು ಬಿಡಿಸುವುದು ಆ ಎಣಿಕೆಗೆ ಸಿಗದ ಆರನೆಯವಳೇ, ಅದೂ ತನ್ನ ಹಳ್ಳಿಯಲ್ಲಿ ನಡೆದ ಯಾವುದೋ ಹಳೇ ಸಂಗತಿ ನೆನೆದುಕೊಂಡು. ಯಾವ ಮನೆಯಲ್ಲಿ ಯಾರು ಯಾರಿಗೆ ಏನು ಬಡಿಸಿದರು ಅನ್ನುವುದು ಅವಳಿಗೆ ಸಾಕ್ಷಿ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಜಗಲಿಯ ಮೇಲೆ ಕೂತು ಬೀದಿಯನ್ನೆಲ್ಲ ಬಲ್ಲ ಅಜ್ಜಿಯರನ್ನು ನೋಡಿದವರಿಗೆ ಇವಳು ಪರಕೀಯಳು ಅನ್ನಿಸುವುದೇ ಇಲ್ಲ.

ಅಪರಾಧ ಮಾಡುವ ಹೆಂಗಸೂ ಬೇಕಾದರೆ ರೋಲ್ಡ್ ಡಾಲ್ 1953ರಲ್ಲಿ ಬರೆದ ಕುರಿಯ ತೊಡೆಯ ಕತೆ ಇದೆ. ಹೆಪ್ಪುಗಟ್ಟಿದ ಮಾಂಸದ ತೊಡೆಯಿಂದ ಗಂಡನನ್ನು ಕೊಂದ ಬಸುರಿ ಹೆಂಡತಿ, ಅದನ್ನೇ ಬೇಯಿಸಿ ತನಿಖೆಗೆ ಬಂದ ಪೊಲೀಸರಿಗೆ ಬಡಿಸುತ್ತಾಳೆ. ಕೊಲೆಗಿಂತ ನನ್ನ ಮೈ ಜುಮ್ಮೆನ್ನುವುದು ಅದಾದ ಮೇಲಿನ ಪುಟಕ್ಕೆ. ಅವಳು ಕನ್ನಡಿಯ ಮುಂದೆ ಕೂತು, ಅಂಗಡಿಯವನ ಹತ್ತಿರ ಆಲೂಗಡ್ಡೆ, ಬಟಾಣಿ ಹೇಗೆ ಕೇಳಬೇಕು ಅಂತ ದನಿ ಸರಿಯಾಗುವವರೆಗೆ ಅಭ್ಯಾಸ ಮಾಡುತ್ತಾಳೆ. ಷರ್ಲಾಕ್ ಹೋಮ್ಸ್‌ನನ್ನು ಸೋಲಿಸಿದ ಐರೀನ್ ಆಡ್ಲರ್ 1891ರವಳು. ಒಮ್ಮೆ ಓದಲಡ್ಡಿಯಿಲ್ಲ. ಆದರೆ ಅವಳಿಗಿಂತ ನನಗೆ ಮುದುಕಿ ಮಾರ್ಪಲ್ಲೇ ಹೆಚ್ಚು.

ದೆವ್ವದ ಕತೆಗೆ ಪುಸ್ತಕವೇ ಬೇಡ. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಮನೆಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು, ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ರಾತ್ರಿ ಒಬ್ಬಳು ಬಂದು ಬಾಗಿಲು ಬಡಿಯುತ್ತಾಳೆ, ಮನೆಯವರ ದನಿಯಲ್ಲೇ ಕರೆಯುತ್ತಾಳೆ, ತೆಗೆದರೆ ಮುಗಿಯಿತು. ಬರಹ ಓದಿ ವಾಪಸು ಹೋಗುತ್ತಾಳೆ, ಮಾರನೇ ದಿನ ಮತ್ತೆ ಬರುತ್ತಾಳೆ. ಬಾಯಿಂದ ಬಾಯಿಗೆ ಹೋದ ಈ ಕತೆ ಎರಡು ನಿಮಿಷದ್ದು. ಅದರಲ್ಲಿ ಅವಳಿಗೆ ಹೆಸರಿಲ್ಲ, ರೂಪವಿಲ್ಲ, ತನ್ನದು ಅಂತ ಒಂದು ಮಾತೂ ಇಲ್ಲ. ಆದರೆ ಊರಿಗೆ ಊರೇ ಸೀಮೆಸುಣ್ಣ ಹಿಡಿದು ಬಾಗಿಲ ಮೇಲೆ ಬರೆಯಿತು! ಎದುರಿನವರ ಲೆಕ್ಕ ಬದಲಾಗಬೇಕು ಅಂದೆನಲ್ಲ, ಅದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ? ನಿಮ್ಮ ಗುಂಪಿನಲ್ಲಿ ಪ್ರತಿಯೊಬ್ಬರೂ ತಾವು ಕೇಳಿದ ಹಾಗೆ ಈ ಕತೆ ಹೇಳಲಿ. ಆಮೇಲೆ ಒಂದೇ ಪ್ರಶ್ನೆ ಕೇಳಿ. ಇದನ್ನು ಅವಳೇ ಹೇಳಿದ್ದರೆ ಹೇಗೆ ಹೇಳುತ್ತಿದ್ದಳು? ದೆವ್ವದ ಕತೆಯ ಹೆಂಗಸನ್ನು ಯಾವಾಗಲೂ ಹೆದರಿದವರೇ ವರ್ಣಿಸುತ್ತಾರೆ. ಬಾಗಿಲಾಚೆ ನಿಂತವಳ ಮಾತು ನಮಗೆ ಇನ್ನೂ ಕೇಳಿಸಿಲ್ಲ. ನಿಮ್ಮಲ್ಲಿ ಯಾರಾದರೂ ಅದನ್ನು ಬರೆದರೆ ನಾನು ಮೊದಲ ಓದುಗಳಾಗಲು ತಯಾರು.

ಜನಪದಕ್ಕೆ ಒಂದು ಸಂಜೆ ಇಡಿ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕತೆಗಳಲ್ಲಿ ಒಂದು, ಕತೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡ ಹೆಂಗಸಿನದು. ಅವಳು ಬಾಯಿ ಬಿಟ್ಟು ಮಲಗಿದ್ದಾಗ ಕತೆ ತಪ್ಪಿಸಿಕೊಂಡು ಬಂದು ಹೊಸ್ತಿಲ ಹೊರಗೆ ಜೋಡಿ ಚಪ್ಪಲಿ ಆಗುತ್ತದೆ. ಹಾಡು ಗೂಟಕ್ಕೆ ನೇತುಬಿದ್ದ ಗಂಡಸಿನ ಅಂಗಿ ಆಗುತ್ತದೆ. ಗಂಡನಿಗೆ ಅನುಮಾನ. ಹನುಮಂತನ ಗುಡಿಗೆ ಹೋಗಿ ಮಲಗಿದಾಗ, ರಾತ್ರಿ ಅಲ್ಲಿ ಸೇರಿದ ಊರಿನ ದೀಪಗಳು ಮಾತಾಡಿಕೊಂಡದ್ದು ಕೇಳಿ ಅವನಿಗೆ ನಿಜ ತಿಳಿಯುತ್ತದೆ. ಇವಳು ಗಟ್ಟಿಗಿತ್ತಿ ಅಲ್ಲ, ನಿಜ. ಆದರೆ ಹೇಳದೆ ಉಳಿದ ಕತೆ ಮನೆಯನ್ನೇ ಅಲ್ಲಾಡಿಸುತ್ತದೆ ಅನ್ನುವುದು ಗೊತ್ತಿದ್ದ ಹೆಂಗಸರು ಇದನ್ನು ತಲೆಮಾರುಗಟ್ಟಲೆ ಹೇಳುತ್ತ ಬಂದರಲ್ಲ, ಅವರು ಗಟ್ಟಿಗರು.

ವೈಜ್ಞಾನಿಕ ಕತೆಗೆ ನಾನು ಹೆಚ್ಚು ಯೋಚಿಸುವುದೇ ಇಲ್ಲ. ಬಂಗಾಳದ ರುಕಿಯಾ ಸಖಾವತ್ ಹುಸೇನ್ ಇಂಗ್ಲಿಷಿನಲ್ಲಿ ಬರೆದ 'ಸುಲ್ತಾನಾಳ ಕನಸು', 1905. ಅಚ್ಚಾದದ್ದು ಪಕ್ಕದ ಮದರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ. ಅದರಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ. ಹೆಂಗಸರ ವಿಶ್ವವಿದ್ಯಾಲಯಗಳು ಮೋಡದಿಂದ ನೀರು ಇಳಿಸುವುದನ್ನೂ ಬಿಸಿಲನ್ನು ಕೂಡಿಡುವುದನ್ನೂ ಕಂಡುಹಿಡಿದಿವೆ. ಗಂಡಸರು ಅದನ್ನು ನೋಡಿ ನಕ್ಕಿದ್ದರು. ಶತ್ರು ದಂಡೆತ್ತಿ ಬಂದು ಗಂಡಸರ ಸೈನ್ಯ ಸೋತಾಗ, 2000 ವಿದ್ಯಾರ್ಥಿನಿಯರು ಹೋಗಿ ಆ ಕೂಡಿಟ್ಟ ಬಿಸಿಲನ್ನೇ ಶತ್ರುವಿನ ಮೇಲೆ ತಿರುಗಿಸುತ್ತಾರೆ. ಆಫೀಸು ಕೆಲಸ ಅವರಿಗೆ ದಿನಕ್ಕೆ ಎರಡೇ ಗಂಟೆ. ಔಟರ್ ರಿಂಗ್ ರೋಡಿನಲ್ಲಿ ದಿನವೂ ಒದ್ದಾಡುವ ನಿಮ್ಮ ಗುಂಪಿನ ಹುಡುಗಿಯರಿಗೆ ಈ ಸಾಲು ಕೇಳಿಸಲೇಬೇಕು. ಇಲ್ಲಿ ಒಬ್ಬ ನಾಯಕಿ ಅಂತ ಇಲ್ಲ. ಲೋಕದ ಲೆಕ್ಕವೇ ಬದಲಾಗಿದೆ. ಪರದೆಯ ಕಾಲದಲ್ಲಿ ಮನೆಯಲ್ಲೇ ಕಲಿತ ಒಬ್ಬಳು ಇದನ್ನು ಬರೆದಳು ಅಂತ ನೆನೆದಾಗೆಲ್ಲ ನನಗೆ ಎದೆ ತುಂಬುತ್ತದೆ.

ಮಹಾಶ್ವೇತಾ ದೇವಿಯವರ 'ದ್ರೌಪದಿ'ಯನ್ನು ಕೊನೆಗೆ ಇಡಿ. ಮುಂಚೆಯೇ ಎಲ್ಲರಿಗೂ ಹೇಳಿ, ಇದರಲ್ಲಿ ಅತ್ಯಾಚಾರವಿದೆ, ಬೇಡವಾದವರು ಬರದಿದ್ದರೂ ಪರವಾಗಿಲ್ಲ. ಸೈನ್ಯದ ಕೈಗೆ ಸಿಕ್ಕ ಸಂತಾಲ ಬುಡಕಟ್ಟಿನ ಹೆಂಗಸು ದೋಪ್ದಿ, ಬೆಳಿಗ್ಗೆ ಕೊಟ್ಟ ಬಟ್ಟೆ ಉಡಲು ಒಪ್ಪದೆ ಸೇನಾನಾಯಕನ ಎದುರು ಹಾಗೇ ಬಂದು ನಿಲ್ಲುತ್ತಾಳೆ. ಕತೆ ಮುಗಿಯುವುದು ಅವನ ಹೆದರಿಕೆಯಲ್ಲಿ. ಅವಳ ಕೈಯಲ್ಲಿ ಏನೂ ಇಲ್ಲ, ಅವನಿಗೆ ಮೊದಲ ಸಲ ಭಯ. ಇದನ್ನು ಓದಿದ ದಿನ ಚರ್ಚೆ ಇಟ್ಟುಕೊಳ್ಳಬೇಡಿ. ಕಾಫಿ ಕುಡಿದು ಮನೆಗೆ ಹೋಗಿ.

ಈಗ ನಿಮ್ಮ ಇನ್‌ಸ್ಪೆಕ್ಟರು. ಕಥಾಸ್ಪರ್ಧೆಗಳಿಗೆ ಬಂದ ಕತೆಗಳನ್ನು ಓದುವ ಕೆಲಸ ನಾನು ಎಷ್ಟೋ ವರ್ಷ ಮಾಡಿದ್ದೇನೆ. 'ಅವಳು ಧೈರ್ಯವಂತೆ', 'ಅವಳ ಕಣ್ಣಲ್ಲಿ ಬೆಂಕಿ' ಅಂತ ಶುರುವಾಗುವ ಕತೆ ಬಂದರೆ ನನಗೆ ಅಲ್ಲೇ ಬೇಸರ. ಧೈರ್ಯ ಅಂತ ನೀವು ಹೇಳಿಬಿಟ್ಟರೆ ನನಗೆ ಕಾಣಲು ಏನು ಉಳಿಯಿತು? ಕರಾಟೆ ತೆಗೆದುಹಾಕಿ. ಅದು ಯಾರನ್ನೂ ಬದಲಿಸುತ್ತಿಲ್ಲ, ಒದೆ ತಿಂದವನು ಬಿದ್ದ, ಅಷ್ಟೇ. ಅವಳು ಯಾರಿಗೂ ಹೆದರುವುದಿಲ್ಲ ಅನ್ನುವುದನ್ನೂ ತೆಗೆಯಿರಿ. ಅವಳಿಗೆ ಒಂದು ಹೆದರಿಕೆ ಕೊಡಿ, ತೀರ ಮನೆಯ ಹೆದರಿಕೆ. ಮಗಳ ಪರೀಕ್ಷೆಯ ಹೊತ್ತಿಗೆ ಬರಬಹುದಾದ ವರ್ಗಾವಣೆ ಸಾಕು. ಮಂಗಮ್ಮನಿಗೆ ಮೊಮ್ಮಗ ಇದ್ದ ಹಾಗೆ, ಕಳೆದುಕೊಳ್ಳಲು ಏನಾದರೂ ಇದ್ದವಳು ಬಿಡುವುದಿಲ್ಲ ಅಂದಾಗಲೇ ನಾವು ಉಸಿರು ಹಿಡಿಯುವುದು.

ಆಮೇಲೆ ಕ್ಯಾಮೆರಾ ಅವಳಿಂದ ತಿರುಗಿಸಿ ಸ್ಟೇಷನ್ನಿನ ಮೇಲೆ ಇಡಿ. ಬೆಳಗಿನ ಹತ್ತು ಗಂಟೆ. ಕೆನ್ನೆ ಊದಿಕೊಂಡ ಒಬ್ಬ ಹೆಂಗಸು ಬೆಂಚಿನ ತುದಿಯಲ್ಲಿ ಕೂತಿದ್ದಾಳೆ. "ಕಂಪ್ಲೇಂಟ್ ಯಾಕಮ್ಮ, ಸಂಸಾರ ಅಂದಮೇಲೆ ಇದೆಲ್ಲ ಇರುತ್ತೆ, ಮನೆಗೆ ಹೋಗಿ ರಾಜಿ ಮಾಡ್ಕೊ" ಅಂತ ರೈಟರ್ ಹೇಳುತ್ತಿದ್ದಾನೆ. ಹೊರಗೆ ಜೀಪಿನ ಬಾಗಿಲು ಹಾಕಿದ ಸದ್ದು. ಪೇದೆಯೊಬ್ಬ ಫೋನನ್ನು ಜೇಬಿಗೆ ಇಳಿಸುತ್ತಾನೆ. ರೈಟರ್ ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಲ್ಲುತ್ತದೆ. ಅವನು ಒಂದು ಬಿಳಿ ಹಾಳೆ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, "ಹೇಳಮ್ಮ, ಹೆಸರೇನು?" ಅನ್ನುತ್ತಾನೆ. ನಿಮ್ಮ ಇನ್‌ಸ್ಪೆಕ್ಟರ್ ಇನ್ನೂ ಒಳಗೆ ಬಂದಿಲ್ಲ. ಕತೆ ಅಲ್ಲಿಂದ ಶುರು ಮಾಡಿ.